ಬರ್ಲಿನ್ ಗೋಡೆ ಬಿದ್ದು 35 ವರ್ಷ ದಾಟಿತು, ಪೂರ್ವ ಜರ್ಮನಿಯವರ ಮುನಿಸು ಮಾತ್ರ ಯಾಕೆ ಇಳಿದಿಲ್ಲ?

ಸಂಪಿಗೆಮರ (ಚರ್ಚೆ ಶುರು ಮಾಡಿದವರು)

ಕೆಲಸದ ಮೇಲೆ ಚೆಮ್ನಿಟ್ಸ್‌ಗೆ ಬಂದು ನೆಲೆಸಿದ್ದೇನೆ. ಹಳೇ ಪೂರ್ವ ಜರ್ಮನಿಯ ಊರು, ಆಗ ಅದು ಕಮ್ಯುನಿಸ್ಟ್ ಆಡಳಿತದ ಬೇರೆ ದೇಶ. 1953ರಿಂದ 1990ರವರೆಗೆ ಇದನ್ನು ಕಾರ್ಲ್-ಮಾರ್ಕ್ಸ್-ಸ್ಟಾಟ್ ಅಂತ ಕರೆಯುತ್ತಿದ್ದರು. ಆಮೇಲೆ ಜನ ಮತ ಹಾಕಿ ಹಳೇ ಹೆಸರನ್ನೇ ವಾಪಸ್ ತಂದರು. ಊರ ನಡುವಿನ ಮಾರ್ಕ್ಸ್ ತಲೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಬರೀ ತಲೆ, 7 ಮೀಟರ್ ಎತ್ತರ, ಸುಮಾರು 40 ಟನ್ ತೂಕ. ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದ ಭಾರತದ ವಿದ್ಯಾರ್ಥಿ ಇಲ್ಲಿ ಸಿಗುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ಇಲ್ಲಿನ ರಸ್ತೆ, ರೈಲು ನಿಲ್ದಾಣ, ರಿಪೇರಿ ಮಾಡಿದ ಹಳೇ ಕಟ್ಟಡ ಎಲ್ಲವೂ ಪಶ್ಚಿಮದ ಎಷ್ಟೋ ಊರುಗಳಿಗಿಂತ ಅಚ್ಚುಕಟ್ಟು. ದುಡ್ಡು ಸುರಿದಿದ್ದಾರೆ ಅಂತ ಕಣ್ಣಿಗೇ ಕಾಣುತ್ತದೆ. ಆದರೂ ಆಫೀಸಿನಲ್ಲಿ ಐವತ್ತೈದು ದಾಟಿದವರ ಹತ್ತಿರ ಕೂತರೆ ಸಾಕು, "ಅವರು ನಮ್ಮನ್ನು ಸೇರಿಸಿಕೊಳ್ಳಲಿಲ್ಲ, ಕೊಂಡುಕೊಂಡರು" ಅನ್ನುವ ಮಾತು ಬಂದೇ ಬರುತ್ತದೆ. 2025ರ ಫೆಬ್ರವರಿ ಚುನಾವಣೆಯಲ್ಲಿ ವಲಸೆ ವಿರೋಧಿಸುವ ಬಲಪಂಥದ ಎಎಫ್‌ಡಿ ಪಕ್ಷ ಪೂರ್ವದ ಐದೂ ರಾಜ್ಯಗಳಲ್ಲಿ ಮೊದಲ ಸ್ಥಾನಕ್ಕೆ ಬಂತು. ಫಲಿತಾಂಶದ ನಕ್ಷೆ ನೋಡಿದರೆ ಹಳೇ ಗಡಿ ಗೆರೆ ಎಳೆದ ಹಾಗೆ ಕಾಣುತ್ತದೆ. ಭಾಷೆ ಒಂದೇ, ದೇಶ ಒಂದೇ. ಮತ್ತೆ ಈ ಸಿಟ್ಟು ಎಲ್ಲಿಂದ?

ಬೆಣ್ಣೆದೋಸೆ

ಒಂದೇ ಪದದಲ್ಲಿ ಹೇಳುತ್ತೇನೆ: ಕೆಲಸ. ಹೋಯಿತು, ವಾಪಸ್ ಬರಲಿಲ್ಲ.

ಹಳೇಮೇಷ್ಟ್ರು

ಅಷ್ಟೇ ಹೇಳಿದರೆ ಸಾಲದು. ಕೆಲಸ ಹೇಗೆ ಹೋಯಿತು ಅನ್ನುವುದರಲ್ಲೇ ಕಥೆ ಇರುವುದು.

1989ರ ನವೆಂಬರ್ 9ಕ್ಕೆ ಗೋಡೆ ತೆರೆಯಿತು. 1990ರ ಮಾರ್ಚ್ 18ಕ್ಕೆ ಪೂರ್ವದಲ್ಲಿ ಮೊದಲ ಮುಕ್ತ ಚುನಾವಣೆ. ನೂರಕ್ಕೆ 93 ಜನ ಮತ ಹಾಕಿದರು. ಬೇಗ ಒಂದಾಗೋಣ ಅಂದ ಕೂಟ 48 ಪಾಲು ಗೆದ್ದಿತು. ಜುಲೈ 1ಕ್ಕೆ ಪೂರ್ವದ ದುಡ್ಡಿನ ಬದಲು ಪಶ್ಚಿಮದ ದುಡ್ಡು, ಅಂದರೆ ಪಶ್ಚಿಮದ ಮಾರ್ಕ್ ಬಂತು. ಸಂಬಳ, ಪಿಂಚಣಿ ಎಲ್ಲ ಒಂದಕ್ಕೆ ಒಂದು ಲೆಕ್ಕ. ಉಳಿತಾಯದ ಹಣಕ್ಕೆ ವಯಸ್ಸಿನ ಮೇಲೆ 2,000, 4,000, 6,000 ಮಾರ್ಕ್‌ವರೆಗೆ ಒಂದಕ್ಕೆ ಒಂದು, ಅದರಾಚೆಗೆ ಎರಡಕ್ಕೆ ಒಂದು. ಜನರಿಗೆ ಹಬ್ಬವೋ ಹಬ್ಬ.

ಕಾರ್ಖಾನೆಗಳ ಕಡೆಯಿಂದ ನೋಡಿ. ನಿನ್ನೆವರೆಗೆ ಪೂರ್ವದ ಮಾರ್ಕ್‌ನಲ್ಲಿ ಸಂಬಳ ಕೊಡುತ್ತಿದ್ದ ಕಂಪನಿ ಇವತ್ತು ಅಷ್ಟೇ ಸಂಖ್ಯೆಯ ಪಶ್ಚಿಮದ ಮಾರ್ಕ್ ಕೊಡಬೇಕು. ಯಂತ್ರ ಹಳೇದು, ಸರಕು ಹಳೇದು, ಖರ್ಚು ಮಾತ್ರ ಹೊಸದು. ಪೋಲೆಂಡ್, ಹಂಗೇರಿ, ಸೋವಿಯತ್ ಗಿರಾಕಿಗಳ ಹತ್ತಿರ ಆ ದುಡ್ಡು ಇರಲೇ ಇಲ್ಲ. ಊರಿನವರೂ ಪಶ್ಚಿಮದ ಬೆಣ್ಣೆ, ಪಶ್ಚಿಮದ ಸೋಪು ಬೇಕು ಅಂದರು. ಸ್ವಲ್ಪ ದಿನದಲ್ಲೇ ಪೂರ್ವದ ಕೈಗಾರಿಕಾ ಉತ್ಪಾದನೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಪಶ್ಚಿಮದ ಕೇಂದ್ರ ಬ್ಯಾಂಕಿನ ಮುಖ್ಯಸ್ಥ ಕಾರ್ಲ್ ಒಟ್ಟೊ ಪೋಲ್ ಈ ಅವಸರ ಬೇಡ ಅಂದಿದ್ದರು. ಚಾನ್ಸಲರ್ ಕೋಲ್ ಕೇಳಲಿಲ್ಲ.

ಆಮೇಲೆ ಬಂತು ಟ್ರೊಯ್‌ಹಾಂಡ್. ಸರ್ಕಾರಿ ಕಂಪನಿಗಳನ್ನೆಲ್ಲ ಮಾರಲು ಮಾಡಿದ ಸಂಸ್ಥೆ. ಕೈಯಲ್ಲಿ ಸುಮಾರು 8,500 ಕಂಪನಿ, 40 ಲಕ್ಷ ಕೆಲಸಗಾರರು. ಎಲ್ಲ ಸೇರಿ 600 ಬಿಲಿಯನ್ ಮಾರ್ಕ್ ಬಾಳುತ್ತದೆ ಅಂತ ಮುಖ್ಯಸ್ಥ ರೋವೆಡರ್ ಅಂದಾಜು ಮಾಡಿದ್ದರು. 1994ರ ಕೊನೆಗೆ ಬಾಗಿಲು ಹಾಕುವಾಗ ಉಳಿದದ್ದು ಲಾಭ ಅಲ್ಲ, 250 ಬಿಲಿಯನ್‌ಗಿಂತ ಹೆಚ್ಚಿನ ಸಾಲ. ಮಾರಿದ್ದರಲ್ಲಿ ಬಹುಪಾಲು ಪಶ್ಚಿಮದವರ ಕೈಗೆ ಹೋಯಿತು. ಪೂರ್ವದವರ ಹತ್ತಿರ ಬಂಡವಾಳ ಎಲ್ಲಿತ್ತು, ಕೊಳ್ಳಲು?

ಶೆಟ್ರು_ಸ್ಟುಟ್‌ಗಾರ್ಟ್

ಮೇಷ್ಟ್ರೇ, ಅರ್ಧ ಕಥೆ ಹೇಳಿ ಬಿಟ್ಟಿರಿ. ಆ ಕಂಪನಿಗಳು ಚೆನ್ನಾಗಿ ನಡೆಯುತ್ತಿದ್ದವಾ? ಟ್ರಾಬಾಂಟ್ ಕಾರಿಗೆ ಹೆಸರು ಬರೆಸಿ ಹತ್ತು ವರ್ಷಕ್ಕಿಂತ ಜಾಸ್ತಿ ಕಾಯಬೇಕಿತ್ತು. ಕಾದು ಕಾದು ಸಿಗುತ್ತಿದ್ದದ್ದು ಹೊಗೆ ಉಗುಳುವ ಎರಡು ಸ್ಟ್ರೋಕ್ ಎಂಜಿನ್. 1983ರಲ್ಲೇ ಪಶ್ಚಿಮದಿಂದ ನೂರು ಕೋಟಿ ಮಾರ್ಕ್ ಸಾಲ ತಂದಿದ್ದರು. ಕೊಡಿಸಿದ್ದು ಯಾರು ಗೊತ್ತಾ? ಕಮ್ಯುನಿಸ್ಟರನ್ನು ಕಂಡರೆ ಆಗದ, ಪಶ್ಚಿಮದ ಬವೇರಿಯ ರಾಜ್ಯದ ಮುಖ್ಯಮಂತ್ರಿ ಸ್ಟ್ರೌಸ್! 1989ರ ಅಕ್ಟೋಬರ್‌ನಲ್ಲಿ ಅವರದೇ ಯೋಜನಾ ಆಯೋಗದ ಮುಖ್ಯಸ್ಥ ಶೂರರ್ ಬೊಕ್ಕಸ ಖಾಲಿ ಅಂತ ಬರೆದು ಕೊಟ್ಟರು.

ಹಾಳು ಮಾಡಿದ್ದು 40 ವರ್ಷದ ಆಡಳಿತ, ಬೈಸಿಕೊಂಡದ್ದು ನಾಲ್ಕು ವರ್ಷ ಇದ್ದ ಟ್ರೊಯ್‌ಹಾಂಡ್. ಇದು ಯಾವ ನ್ಯಾಯ? ಪಶ್ಚಿಮದವರು ಇಷ್ಟು ವರ್ಷ ಒಗ್ಗಟ್ಟಿನ ಹೆಸರಿನ 'ಸೋಲಿ' ತೆರಿಗೆ ಕಟ್ಟಿ ಅವರನ್ನು ಸಾಕಿದ್ದಾರೆ. ನನ್ನ ಸಂಬಳದಲ್ಲೂ ಹಿಡಿದುಕೊಂಡಿದ್ದಾರೆ.

ಎಲ್ಬೆದಂಡೆ

@ಶೆಟ್ರು ಸೋಲಿಯನ್ನು ಪೂರ್ವದವರೂ ಕಟ್ಟುತ್ತಾರೆ. ಮೊದಲಿಂದಲೂ. ಡ್ರೆಸ್ಡೆನ್‌ನಲ್ಲಿ ಇರುವ ನನ್ನ ಸಂಬಳದ ಚೀಟಿಯಲ್ಲೂ ಇತ್ತು. ಆದಾಯ ತೆರಿಗೆಯ ಮೇಲೆ ನೂರಕ್ಕೆ 5.5. ಜತೆಗೆ ಆ ಹಣ ಸೀದಾ ಕೇಂದ್ರದ ಬೊಕ್ಕಸಕ್ಕೆ ಹೋಗುತ್ತದೆ, ಪೂರ್ವಕ್ಕೇ ಖರ್ಚು ಮಾಡಬೇಕು ಅಂತ ಕಾನೂನಿನಲ್ಲಿ ಎಲ್ಲೂ ಇಲ್ಲ. 2021ರಿಂದ ಹೆಚ್ಚಿನವರಿಗೆ ಅದೂ ಇಲ್ಲ. ಈ 'ನಾವು ಸಾಕಿದ್ದೇವೆ' ಅನ್ನುವ ಮಾತೇ ಇಲ್ಲಿನವರಿಗೆ ಉರಿಯುವುದು.

ಶೆಟ್ರು_ಸ್ಟುಟ್‌ಗಾರ್ಟ್

ಸರಿ, ಇಬ್ಬರೂ ಕಟ್ಟಲಿ. ಪಿಂಚಣಿ ನಿಧಿ, ನಿರುದ್ಯೋಗ ಭತ್ಯೆ ಎಲ್ಲಿಂದ ಬಂತು? ಆಕಾಶದಿಂದ ಉದುರಿತಾ?

ಕ್ಯಾಮೆರಾಕಣ್ಣು

ನನ್ನದು ಸ್ವಲ್ಪ ಬೇರೆ ದಾರಿ. ದಾವಣಗೆರೆಯಲ್ಲಿ ನಮ್ಮಪ್ಪ ಫೋಟೊ ಸ್ಟುಡಿಯೊ ಇಟ್ಟಿದ್ದರು. ಕಪ್ಪು ಬಿಳುಪು ಕಾಲ. ಅವರು ಬಳಸುತ್ತಿದ್ದದ್ದು ಓರ್ವೊ ಫಿಲ್ಮ್. ಹಳಬರಿಗೆ ನೆನಪಿರುತ್ತದೆ. ಆಗ ಭಾರತಕ್ಕೂ ಪೂರ್ವ ಜರ್ಮನಿಗೂ ರೂಪಾಯಿ ಲೆಕ್ಕದಲ್ಲೇ ವ್ಯಾಪಾರ ಇತ್ತು, ಡಾಲರ್ ಹುಡುಕಬೇಕಿರಲಿಲ್ಲ. ಹಾಗಾಗಿ ಆ ಫಿಲ್ಮ್ ಕೈಗೆ ಎಟಕುತ್ತಿತ್ತು. ಕತ್ತಲ ಕೋಣೆಯಲ್ಲಿ ಕೆಂಪು ದೀಪದ ಕೆಳಗೆ ಪೇಪರನ್ನು ಟ್ರೇನಲ್ಲಿ ಅಲ್ಲಾಡಿಸುತ್ತಾ, ಮುಖ ಮೂಡುವವರೆಗೆ ಅಪ್ಪ ಮಾತಾಡುತ್ತಿರಲಿಲ್ಲ. ನಮಗೂ ಮಾತಾಡಲು ಬಿಡುತ್ತಿರಲಿಲ್ಲ.

ಆ ಫಿಲ್ಮ್ ಬರುತ್ತಿದ್ದದ್ದು ವೋಲ್ಫೆನ್ ಅನ್ನುವ ಊರಿನಿಂದ. ಮೊದಲು ಅದು ಅಗ್ಫಾ ಕಾರ್ಖಾನೆ. 1936ರಲ್ಲಿ ಅಗ್ಫಾ ಕಲರ್ ಫಿಲ್ಮ್ ಹುಟ್ಟಿದ್ದೂ ಅಲ್ಲೇ. ಯುದ್ಧ ಮುಗಿದ ಮೇಲೆ ಪಶ್ಚಿಮದಲ್ಲೊಂದು ಅಗ್ಫಾ, ಪೂರ್ವದಲ್ಲೊಂದು ಅಗ್ಫಾ ಆಯಿತು. ಹೆಸರಿನ ಜಗಳ ಮುಗಿಸಲು 1964ರಲ್ಲಿ ಪೂರ್ವದವರು 'ಒರಿಜಿನಲ್ ವೋಲ್ಫೆನ್' ಅನ್ನುವುದನ್ನು ಚಿಕ್ಕದು ಮಾಡಿ ಓರ್ವೊ ಅಂತ ಇಟ್ಟುಕೊಂಡರು. ಸುಮಾರು 15,000 ಜನ ಕೆಲಸ ಮಾಡುತ್ತಿದ್ದರು, ಹೆಂಗಸರೇ ಜಾಸ್ತಿ. ಗೋಡೆ ಬಿದ್ದು ಕೆಲವೇ ವರ್ಷಗಳಲ್ಲಿ ಕಾರ್ಖಾನೆ ಮುಗಿದೇ ಹೋಯಿತು. ಈಗ ಅಲ್ಲಿ ಮ್ಯೂಸಿಯಂ ಇದೆ.

ಹಾಗಾಗಿ 'ಕಸದಂಥ ಸರಕು' ಅಂತ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಶೆಟ್ರೇ. ನನ್ನ ಅಪ್ಪ ಅಮ್ಮನ ಮದುವೆ ಫೋಟೊ ಇವತ್ತಿಗೂ ಮಾಸಿಲ್ಲ.

ಲೈಪ್ಜಿಗ್_ಅಕ್ಕ

ವೋಲ್ಫೆನ್ ನೋಡಿದ್ದೇನೆ, ಇಲ್ಲಿಂದ ಹತ್ತಿರ. ಫಿಲ್ಮ್ ಚೆನ್ನಾಗಿತ್ತು, ಒಪ್ಪುತ್ತೇನೆ. ಆದರೆ ಆ ಕಾರ್ಖಾನೆಯ ಕೊಳಚೆ ಬಿಡುತ್ತಿದ್ದ ಗುಂಡಿಗೆ ಜನ ಇಟ್ಟ ಹೆಸರು 'ಬೆಳ್ಳಿ ಕೆರೆ'. ಪಕ್ಕದಲ್ಲೇ ಬಿಟ್ಟರ್‌ಫೆಲ್ಡ್, ರಾಸಾಯನಿಕ ಕಾರ್ಖಾನೆಗಳ ಊರು. ಒಗೆದ ಬಟ್ಟೆ ಹೊರಗೆ ಹಾಕಿದರೆ ಮಸಿ ಕೂರುತ್ತಿತ್ತಂತೆ. ಅಲ್ಲಿನ ಹಳಬರು ಗಾಳಿ ಸರಿಯಾಯಿತು ಅಂತ ಖುಷಿಪಡುತ್ತಾರೆ. ಮರುಕ್ಷಣವೇ ಗಾಳಿ ಸರಿಯಾದದ್ದು ಚಿಮಣಿ ನಿಂತದ್ದಕ್ಕೆ ಅಂತ ಬೈಯುತ್ತಾರೆ. ಎರಡೂ ನಿಜ.

ಇನ್ನೊಂದು ಕೇಳಿ. 1999ರಲ್ಲಿ ಅದೇ ಜಾಗದಲ್ಲಿ ಕ್ಯೂ-ಸೆಲ್ಸ್ ಅನ್ನುವ ಸೌರಶಕ್ತಿ ಕಂಪನಿ ಹುಟ್ಟಿತು. ಜನ 'ಸೋಲಾರ್ ಕಣಿವೆ' ಅಂದರು. ಅಂತೂ ನಮ್ಮ ಕಾಲ ಬಂತು ಅಂದುಕೊಂಡರು. 2012ರಲ್ಲಿ ಅದೂ ದಿವಾಳಿ, ಕೊರಿಯಾದವರ ಪಾಲು. ಒಂದೇ ಊರು, ಎರಡು ಸಲ ಎಡವಿ ಬಿತ್ತು.

ಬೆಣ್ಣೆದೋಸೆ

ನನ್ನ ಊರಿನ ಹೆಸರು ಬಂದ ಖುಷಿಗೆ @ಕ್ಯಾಮೆರಾಕಣ್ಣು ಅವರಿಗೆ ಒಂದು ದೋಸೆ ಬಾಕಿ ಇದೆ.

ತುಂಗಾತೀರ

ನನಗೆ ತೋಚುವುದು ಇಷ್ಟು. ಪೂರ್ವದವರು ಮನೆ ಅಳಿಯ ಆದರು. ಊಟ, ಬಟ್ಟೆ ಎಲ್ಲ ಸಿಕ್ಕಿತು, ಮನೆಯ ಬೀಗದ ಕೈ ಮಾತ್ರ ಸಿಗಲಿಲ್ಲ. ಎರಡು ದೇಶ ಸೇರಿ ಹೊಸ ಸಂವಿಧಾನ ಬರೆಯಲು ಪಶ್ಚಿಮದ ಸಂವಿಧಾನದ 146ನೇ ವಿಧಿಯಲ್ಲಿ ದಾರಿ ಇತ್ತು. ಹಿಡಿದದ್ದು 23ನೇ ವಿಧಿಯ ದಾರಿ, ಅಂದರೆ ಪೂರ್ವದ ರಾಜ್ಯಗಳು ಇರುವ ಗಣರಾಜ್ಯಕ್ಕೆ ಬಂದು ಸೇರಿಕೊಂಡವು. 1990ರ ಅಕ್ಟೋಬರ್ 3ಕ್ಕೆ ಪಶ್ಚಿಮದವರ ಬದುಕಿನಲ್ಲಿ ಏನೂ ಬದಲಾಗಲಿಲ್ಲ. ಪೂರ್ವದವರಿಗೆ ಕಾನೂನು, ಶಾಲೆಯ ಪಾಠ, ವಿಮೆ, ಕೋರ್ಟು ಎಲ್ಲವೂ ಹೊಸದು.

ಎಲ್ಬೆದಂಡೆ

ಮನೆಯನ್ನೂ ಸೇರಿಸಿ. ಆಗ ಇಟ್ಟ ನಿಯಮ 'ಪರಿಹಾರಕ್ಕಿಂತ ಹಿಂದಿರುಗಿಸುವುದು ಮೊದಲು'. ಹಿಂದೆ ಓಡಿಹೋದವರು, ಆಸ್ತಿ ಕಳೆದುಕೊಂಡವರು, ಅವರ ಮಕ್ಕಳು 20 ಲಕ್ಷಕ್ಕೂ ಹೆಚ್ಚು ಜಾಗಗಳಿಗೆ ಹಕ್ಕು ಕೇಳಿದರು. ನಾನು ಬಾಡಿಗೆಗಿರುವ ಮನೆಯ ಕೆಳಗಿನ ಅಜ್ಜಿ ಹೇಳುತ್ತಾರೆ: ಒಂದು ಭಾನುವಾರ ಪಶ್ಚಿಮದ ನಂಬರಿನ ಕಾರು ಗೇಟಿನ ಮುಂದೆ ನಿಂತಿತಂತೆ. ಇಳಿದವರು ಬೆಲ್ ಒತ್ತಲಿಲ್ಲ, ಮನೆಯ ಫೋಟೊ ತೆಗೆದು, ಬೇಲಿಯ ಉದ್ದವನ್ನು ಹೆಜ್ಜೆ ಹಾಕಿ ಅಳೆದು ಹೋದರಂತೆ. ಅಜ್ಜಿ ಪರದೆ ಹಿಂದೆ ನಿಂತು ನೋಡುತ್ತಿದ್ದರು. ದಾವೆಯಲ್ಲಿ ಕೊನೆಗೆ ಏನಾಯಿತು ಅಂತ ಕೇಳಿದರೆ ಅದರ ಬಗ್ಗೆ ಮಾತಿಲ್ಲ. ಆ ಹೆಜ್ಜೆಗಳ ಬಗ್ಗೆಯೇ ಮಾತು.

ಶೆಟ್ರು_ಸ್ಟುಟ್‌ಗಾರ್ಟ್

ಆ ಮನೆ ಕಳೆದುಕೊಂಡವರದ್ದೂ ಒಂದು ಕಥೆ ಇರುತ್ತದೆ ಅಲ್ವಾ? 1961ರ ಆಗಸ್ಟ್ 13ಕ್ಕೆ ಗೋಡೆ ಎದ್ದದ್ದು ಜನ ಓಡಿಹೋಗುತ್ತಿದ್ದರು ಅಂತಲೇ. ಬರ್ಲಿನ್ ಗೋಡೆಯ ಹತ್ತಿರ 140 ಜನ ಸತ್ತಿದ್ದಾರೆ. ಅದಕ್ಕೂ ಮೊದಲು, 1953ರ ಜೂನ್ 17ಕ್ಕೆ, ಕೆಲಸಗಾರರು ಬೀದಿಗೆ ಇಳಿದಾಗ ಸೋವಿಯತ್ ಟ್ಯಾಂಕುಗಳು ಬಂದವು. 'ಕೆಲಸಗಾರರ ದೇಶ'ದಲ್ಲಿ ಕೆಲಸಗಾರರ ಮೇಲೆ ಟ್ಯಾಂಕು! ಪೂರ್ವದ ಗುಪ್ತ ಪೊಲೀಸ್ ಸ್ಟಾಸಿ ಬಗ್ಗೆ ಇಲ್ಲಿ ಇನ್ನೂ ಯಾರೂ ಬಾಯಿ ಬಿಟ್ಟಿಲ್ಲ. ಒಂದು ಕೋಟಿ 60 ಲಕ್ಷ ಜನರ ದೇಶಕ್ಕೆ 91,000 ಗೂಢಚಾರ ನೌಕರರು. ಅದರ ಮೇಲೆ ಒಂದೂ ಮುಕ್ಕಾಲು ಲಕ್ಷದಷ್ಟು ಗುಟ್ಟಿನ ಮಾಹಿತಿದಾರರು. ಪಕ್ಕದ ಮನೆಯವರು, ಪಾದ್ರಿ, ಕೆಲವು ಕಡೆ ಸ್ವಂತ ಗಂಡ.

ಹಳೇಮೇಷ್ಟ್ರು

ಅದನ್ನು ಉರುಳಿಸಿದ್ದು ಯಾರು ಶೆಟ್ರೇ? ಅಲ್ಲಿನ ಜನರೇ. ಪಶ್ಚಿಮದವರಲ್ಲ. 1989ರ ಅಕ್ಟೋಬರ್ 9ಕ್ಕೆ ಲೈಪ್ಜಿಗ್‌ನಲ್ಲಿ ಸುಮಾರು 70,000 ಜನ ಬೀದಿಗೆ ಬಂದರು. ಅದೇ ವರ್ಷ ಜೂನ್‌ನಲ್ಲಿ ಬೀಜಿಂಗ್‌ನಲ್ಲಿ ಸೇನೆ ಪ್ರತಿಭಟಿಸಿದವರ ಮೇಲೆ ಗುಂಡು ಹಾರಿಸಿದ್ದು ಎಲ್ಲರಿಗೂ ಗೊತ್ತಿತ್ತು. ಗುಂಡು ಹಾರುತ್ತದೆ ಅಂತಲೇ ಮನೆಯಲ್ಲಿ ಹೇಳಿ ಬಂದವರಿದ್ದರು. ಹಾರಲಿಲ್ಲ. ಆಮೇಲೆ 1990ರ ಜನವರಿ 15ಕ್ಕೆ ಬರ್ಲಿನ್‌ನ ಸ್ಟಾಸಿ ಮುಖ್ಯ ಕಚೇರಿಗೇ ಜನ ನುಗ್ಗಿದರು. ಹರಿದು ಹಾಕಿದ ಕಾಗದದ ಚೂರುಗಳು ಸಾವಿರಾರು ಚೀಲ ಸಿಕ್ಕವು. 1992ರಿಂದ ಯಾರು ಬೇಕಾದರೂ ತಮ್ಮ ಕಡತ ಕೇಳಿ ಓದಬಹುದು.

ಇಷ್ಟೆಲ್ಲ ಮಾಡಿದ ಜನರನ್ನು ಎರಡೇ ವರ್ಷದಲ್ಲಿ 'ಸೋಮಾರಿಗಳು, ಕೊಸರಾಡುವವರು' ಅಂತ ಕರೆದರೆ ಸಿಟ್ಟು ಬರುವುದಿಲ್ಲವಾ?

ಲೈಪ್ಜಿಗ್_ಅಕ್ಕ

ಎಲ್ಲರೂ ಗಂಡಸರ ಫ್ಯಾಕ್ಟರಿ ಕಥೆಯನ್ನೇ ಹೇಳುತ್ತಿದ್ದೀರಿ. ಹೆಂಗಸರ ಕಥೆ ಕೇಳಿ.

ಪೂರ್ವದಲ್ಲಿ ನೂರಕ್ಕೆ 90ರಷ್ಟು ಹೆಂಗಸರು ಕೆಲಸಕ್ಕೆ ಹೋಗುತ್ತಿದ್ದರು ಅಥವಾ ಓದುತ್ತಿದ್ದರು. ಮಕ್ಕಳನ್ನು ನೋಡಿಕೊಳ್ಳಲು ಎಲ್ಲ ಕಡೆ ಶಿಶುವಿಹಾರ. 1972ರಿಂದ ಮೊದಲ 12 ವಾರದೊಳಗೆ ಗರ್ಭಪಾತ ಹೆಂಗಸಿನದೇ ತೀರ್ಮಾನ. ಅದೇ ಹೊತ್ತಿಗೆ ಪಶ್ಚಿಮದ ಕಾನೂನು ಏನು ಹೇಳುತ್ತಿತ್ತು ಗೊತ್ತಾ? ಮನೆ ಸಂಸಾರಕ್ಕೆ ತೊಂದರೆ ಆಗದಿದ್ದರೆ ಮಾತ್ರ ಹೆಂಡತಿ ಹೊರಗೆ ದುಡಿಯಬಹುದು. 1977ರವರೆಗೆ ಇತ್ತು ಅದು!

ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಸಂಜೆ ಅಡುಗೆ, ಪಾತ್ರೆ ಅವರ ತಲೆಗೇ. ಪಕ್ಷದ ಮೇಲಿನ ಕುರ್ಚಿಗಳಲ್ಲಿ ಬರೀ ಮುದುಕರು. ಆದರೆ ಫ್ಯಾಕ್ಟರಿ ಮುಚ್ಚಿದಾಗ ಮೊದಲು ಮನೆಗೆ ಕಳಿಸಿದ್ದು ಹೆಂಗಸರನ್ನು. ಅವರು ಏನು ಮಾಡಿದರು? ಮಕ್ಕಳನ್ನು ಹೆರುವುದನ್ನೇ ನಿಲ್ಲಿಸಿದರು. 1994ರಲ್ಲಿ ಪೂರ್ವದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 0.77 ಮಗು. ಯುದ್ಧ ಇಲ್ಲದ ಹೊತ್ತಲ್ಲಿ ಇಂಥ ಸಂಖ್ಯೆ ಎಲ್ಲಿ ಕಾಣುತ್ತೀರಿ? ಓದಿದ ಹುಡುಗಿಯರು ಪಶ್ಚಿಮಕ್ಕೆ ಹೋದರು. ಹಳ್ಳಿಗಳಲ್ಲಿ ಉಳಿದದ್ದು ವಯಸ್ಸಾದವರು ಮತ್ತು ಮದುವೆಯಾಗದ ಗಂಡಸರು. ಚುನಾವಣೆ ನಕ್ಷೆ ನೋಡುವಾಗ ಇದನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ.

ಸುಮ್ನೆ_ಓದೋನು

ಅಕ್ಕ ಹೇಳಿದ್ದಕ್ಕೆ ನೂರು ಮೆಚ್ಚುಗೆ.

ಜಯನಗರ4ನೇಬ್ಲಾಕ್

ಇದೆಲ್ಲ ನೆಪ ಅಂತ ನನ್ನ ಅನಿಸಿಕೆ. ಕೆಲಸ ಹೋದರೆ ವಿದೇಶಿಯರನ್ನು ಹೊಡೆಯಬೇಕಾ? 1992ರ ಆಗಸ್ಟ್‌ನಲ್ಲಿ ಪೂರ್ವದ ರೋಸ್ಟಾಕ್‌ನ ಲಿಷ್ಟೆನ್‌ಹಾಗೆನ್ ಬಡಾವಣೆಯಲ್ಲಿ ವಿಯೆಟ್ನಾಂನವರು ಇದ್ದ ಕಟ್ಟಡಕ್ಕೆ ಬೆಂಕಿ ಹಚ್ಚಿದರು. ಒಳಗೆ ನೂರಕ್ಕೂ ಹೆಚ್ಚು ಜನ. ಅವರು ತಾರಸಿ ಮೇಲಿಂದ ಪಕ್ಕದ ಕಟ್ಟಡಕ್ಕೆ ದಾಟಿ ಜೀವ ಉಳಿಸಿಕೊಂಡರು. ಕೆಳಗೆ ಸಾವಿರಾರು ಜನ ನಿಂತು ಚಪ್ಪಾಳೆ ತಟ್ಟಿದರು. ಅದರ ಹಿಂದಿನ ವರ್ಷ ಹೋಯರ್ಸ್‌ವೆರ್ಡಾದಲ್ಲೂ ಇದೇ. ಆ ವಿಯೆಟ್ನಾಂನವರು ಪೂರ್ವ ಜರ್ಮನಿಯೇ ಕರೆಸಿಕೊಂಡ ಕೆಲಸಗಾರರು, ಸುಮಾರು 60,000 ಇದ್ದರು. ಬಸುರಿಯಾದರೆ ಗರ್ಭ ತೆಗೆಸಬೇಕು ಅಥವಾ ಊರಿಗೆ ಹೋಗಬೇಕು ಅನ್ನುವ ನಿಯಮ ಅವರಿಗೆ. ಅಕ್ಕ ಹೇಳಿದ ಸ್ವಾತಂತ್ರ್ಯ ಅವರಿಗೆ ಇರಲಿಲ್ಲ.

ಎಲ್ಬೆದಂಡೆ

ನಿಜ. ಆದರೆ ಅದು ಪೂರ್ವದ ರೋಗ ಮಾತ್ರ ಅಂತ ಬರೆಯಬೇಡಿ. ಅದೇ 1992ರ ನವೆಂಬರ್‌ನಲ್ಲಿ ಮೋಲ್ನ್‌ನಲ್ಲಿ ಮೂವರು, 1993ರ ಮೇ 29ಕ್ಕೆ ಜೋಲಿಂಗೆನ್‌ನಲ್ಲಿ ಐವರು ಬೆಂಕಿಗೆ ಬಲಿಯಾದರು. ಎಲ್ಲರೂ ಟರ್ಕಿ ಮೂಲದ ಮನೆಗಳ ಹೆಂಗಸರು, ಹುಡುಗಿಯರು. ಎರಡೂ ಪಶ್ಚಿಮದ ಊರು. ಜೋಲಿಂಗೆನ್ ಬೆಂಕಿಗೆ ಮೂರು ದಿನ ಮೊದಲು ಆಗ ಬಾನ್‌ನಲ್ಲಿದ್ದ ಸಂಸತ್ತು ಹೊರದೇಶದಿಂದ ಓಡಿ ಬಂದವರ ಆಶ್ರಯದ ಹಕ್ಕನ್ನು ಮೊಟಕು ಮಾಡಿತ್ತು. ಗಲಭೆ ಮಾಡಿದವರಿಗೆ ಸಿಕ್ಕ ಬಹುಮಾನ ಅದು ಅಂತ ನಾನು ಅನ್ನುತ್ತೇನೆ, ಬೈಯುವವರು ಬೈಯಿರಿ.

ಶೆಟ್ರು_ಸ್ಟುಟ್‌ಗಾರ್ಟ್

ಬೈಯುವುದಿಲ್ಲ. ಆದರೆ ಎಎಫ್‌ಡಿಗೆ ಮತ ಬೀಳುವುದು ಎಲ್ಲಿ ಅಂತ ಮೊದಲ ಪೋಸ್ಟಿನಲ್ಲೇ ಇದೆ.

ಹಳೇಮೇಷ್ಟ್ರು

ಮತ ಪೂರ್ವದ್ದು, ಮುಖಂಡರು ಎಲ್ಲಿಯವರು? 2013ರಲ್ಲಿ ಪಕ್ಷ ಕಟ್ಟಿದ ಲೂಕೆ ಹ್ಯಾಂಬರ್ಗ್‌ನ ಪ್ರೊಫೆಸರ್. ಈಗಿನ ನಾಯಕಿ ವೈಡೆಲ್ ಹುಟ್ಟಿದ್ದು ಪಶ್ಚಿಮದ ಗ್ಯೂಟರ್ಸ್‌ಲೋದಲ್ಲಿ. ಪೂರ್ವದ ಥುರಿಂಗಿಯಾ ರಾಜ್ಯದಲ್ಲಿ 2024ರಲ್ಲಿ ನೂರಕ್ಕೆ 32.8 ಪಾಲು ಮತ ತಂದ ಹೋಕೆ ಕೂಡ ಪಶ್ಚಿಮದಿಂದ ಹೋದ ಇತಿಹಾಸದ ಮೇಷ್ಟ್ರು. (ನನ್ನ ವೃತ್ತಿಗೆ ಕೆಟ್ಟ ಹೆಸರು.) ಪೂರ್ವದಲ್ಲಿ ಅಧಿಕಾರ ಹಿಡಿಯುವುದಕ್ಕೂ ಪಶ್ಚಿಮದವರೇ ಬರಬೇಕು ನೋಡಿ, ಸಿಟ್ಟಿನ ಗುತ್ತಿಗೆ ಕೂಡ ಅವರದೇ.

ಇನ್ನೊಂದು. 2025ರಲ್ಲಿ ಪಶ್ಚಿಮದ ಗೆಲ್ಸೆನ್‌ಕಿರ್ಖೆನ್‌ನಲ್ಲೂ ಪಕ್ಷದ ಮತದಲ್ಲಿ (ಇಲ್ಲಿ ಅಭ್ಯರ್ಥಿಗೊಂದು, ಪಕ್ಷಕ್ಕೊಂದು ಮತ) ಎಎಫ್‌ಡಿ ಮೊದಲು ಬಂತು. ಕಲ್ಲಿದ್ದಲ ಊರು, ಗಣಿಗಳೆಲ್ಲ ಮುಚ್ಚಿವೆ.

ತುಂಗಾತೀರ

ಅಧಿಕಾರ ಇಲ್ಲ ಅಂದರೆ ಮೆರ್ಕೆಲ್ ಯಾರು? ಪೂರ್ವದಲ್ಲೇ ಬೆಳೆದವರು, 16 ವರ್ಷ ಚಾನ್ಸಲರ್.

ಲೈಪ್ಜಿಗ್_ಅಕ್ಕ

ಅವರು ಆ 16 ವರ್ಷದಲ್ಲಿ 'ನಾನು ಪೂರ್ವದವಳು' ಅಂತ ಎಷ್ಟು ಸಲ ಬಾಯಿ ಬಿಟ್ಟು ಹೇಳಿದರು? ಕೊನೆಯ ವರ್ಷ, 2021ರ ಅಕ್ಟೋಬರ್ 3ರ ಭಾಷಣದಲ್ಲಿ ಮನಸ್ಸು ಬಿಚ್ಚಿದರು. ಅಲ್ಲಿವರೆಗೆ ಮುಚ್ಚಿಟ್ಟುಕೊಂಡೇ ಮೇಲೆ ಬರಬೇಕಾಯಿತು. ಅದರಲ್ಲೇ ಉತ್ತರ ಇದೆ.

ಮಂಗಳೂರು_ಬನ್ಸ್

ವಿಷಯ ಬಿಟ್ಟು ಒಂದು ಮಾತು. ಜರ್ಮನಿ ಅಂದಾಗ ಕನ್ನಡದವರು ಕಿಟ್ಟೆಲ್ ಹೆಸರು ಎತ್ತದೇ ಇಷ್ಟು ದೂರ ಬಂದದ್ದು ಇದೇ ಮೊದಲು ಇರಬೇಕು. 1894ರ ನಿಘಂಟು! ಅದಕ್ಕೂ ಮೊದಲು 1843ರಲ್ಲಿ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ತಂದರು, ಕನ್ನಡದ ಮೊದಲ ಪತ್ರಿಕೆ.

ಸುಮ್ನೆ_ಓದೋನು

ಕಿಟ್ಟೆಲ್ ಪೂರ್ವದವರಾ ಪಶ್ಚಿಮದವರಾ?

ಮಂಗಳೂರು_ಬನ್ಸ್

ಹುಟ್ಟಿದ್ದು ಪೂರ್ವ ಫ್ರಿಸಿಯಾದಲ್ಲಿ. ಹೆಸರಲ್ಲಿ ಪೂರ್ವ, ಇರುವುದು ವಾಯವ್ಯದಲ್ಲಿ, ಸಮುದ್ರದ ಹತ್ತಿರ. ಅವರ ಕಾಲಕ್ಕೆ ಈ ಜಗಳವೇ ಇರಲಿಲ್ಲ ಮಾರಾಯ್ರೆ. 1832ರಲ್ಲಿ ಜರ್ಮನಿ ಅನ್ನುವ ಒಂದು ದೇಶವೇ ಇರಲಿಲ್ಲ, ಅದಾದದ್ದು 1871ರಲ್ಲಿ.

ಸಂಪಿಗೆಮರ

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಒಂದು ಸಂಗತಿ ಸೇರಿಸುತ್ತೇನೆ. ಪಿಂಚಣಿಯ ಲೆಕ್ಕ ಪೂರ್ವ ಪಶ್ಚಿಮಕ್ಕೆ ಒಂದೇ ಆದದ್ದು 2023ರ ಜುಲೈನಲ್ಲಿ ಅಂತೆ. 33 ವರ್ಷ ಹಿಡಿಯಿತು! ಲೋಹ ಕಾರ್ಖಾನೆಗಳಲ್ಲಿ ಪಶ್ಚಿಮದವರಿಗೆ ವಾರಕ್ಕೆ 35 ಗಂಟೆ ಬಂದ ಮೇಲೂ ಪೂರ್ವದವರು ಎಷ್ಟೋ ವರ್ಷ 38 ಗಂಟೆ ದುಡಿದರು. ಮೂರು ಗಂಟೆ ಏನು ಮಹಾ ಅನಿಸಬಹುದು. ಒಂದೇ ಕಂಪನಿ, ಒಂದೇ ಯಂತ್ರ, ಒಂದೇ ಕೆಲಸ ಆದಾಗ ಅದು ಚುಚ್ಚುತ್ತದೆ.

ಹಳೇಮೇಷ್ಟ್ರು

ಇದಕ್ಕೆ ಬಿಶೋಫೆರೋಡೆ ಕಥೆಯನ್ನೂ ಸೇರಿಸಿ. ಥುರಿಂಗಿಯಾದ ಪೊಟ್ಯಾಷ್ ಗಣಿ. ಅದರ ಉಪ್ಪಿಗೆ ಹೊರದೇಶದ ಗಿರಾಕಿಗಳಿದ್ದರು. ಆದರೂ ಪೂರ್ವ ಪಶ್ಚಿಮದ ಪೊಟ್ಯಾಷ್ ಕಂಪನಿಗಳನ್ನು ಸೇರಿಸುವಾಗ ಇದನ್ನು ಮುಚ್ಚಿ ಅಂದರು. 1993ರಲ್ಲಿ ಗಣಿಯವರು ವಾರಗಟ್ಟಲೆ ಉಪವಾಸ ಕೂತರು. ಆ ಒಪ್ಪಂದದಲ್ಲಿ ಏನಿದೆ ಅಂತ ಕೂಡ ಅವರಿಗೆ ತೋರಿಸಲಿಲ್ಲ. ವರ್ಷದ ಕೊನೆಯ ದಿನ ಬಾಗಿಲು ಹಾಕಿದರು. ಕೆಟ್ಟು ಮುಚ್ಚಿದ್ದಕ್ಕೂ, ನಡೆಯುತ್ತಿದ್ದದ್ದನ್ನು ಮುಚ್ಚಿದ್ದಕ್ಕೂ ವ್ಯತ್ಯಾಸ ಇದೆ ಶೆಟ್ರೇ.

ಶೆಟ್ರು_ಸ್ಟುಟ್‌ಗಾರ್ಟ್

ಇದೊಂದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಒಂದಕ್ಕೆ ಒಂದು ಲೆಕ್ಕ ಕೊಡದೇ ಇದ್ದಿದ್ದರೆ ಏನು ಮಾಡುತ್ತಿದ್ದಿರಿ ಮೇಷ್ಟ್ರೇ? ಅದನ್ನು ಹೇಳದೇ ಜಾರಿಕೊಂಡಿರಿ.

ಸಂಪಿಗೆಮರ

ಈ ಪ್ರಶ್ನೆಯನ್ನು ಇವತ್ತು ಊಟದ ಹೊತ್ತಲ್ಲಿ ಹಿರಿಯ ಸಹೋದ್ಯೋಗಿ ಮುಂದೆ ಇಟ್ಟೆ. ಅವರು ಆಗ 22ರ ಹುಡುಗ, ಹೆಣಿಗೆ ಯಂತ್ರದ ಕಾರ್ಖಾನೆಯಲ್ಲಿ ಫಿಟ್ಟರ್. ಆ ಚಳಿಗಾಲದಲ್ಲಿ ಬೀದಿಯಲ್ಲಿ ಕೂಗುತ್ತಿದ್ದ ಘೋಷಣೆ ನೆನಪಿಸಿಕೊಂಡರು: ಮಾರ್ಕ್ ಬಂದರೆ ನಾವು ಇಲ್ಲೇ, ಬರದಿದ್ದರೆ ನಾವೇ ಅದರ ಹತ್ತಿರ ಹೋಗುತ್ತೇವೆ. "ಕೊಡದೇ ಇದ್ದಿದ್ದರೆ ಮರುದಿನವೇ ಮ್ಯೂನಿಕ್ ರೈಲು ಹತ್ತುತ್ತಿದ್ದೆ" ಅಂದರು. ಕೊಟ್ಟ ಮೇಲೆ? "ಕಾರ್ಖಾನೆ ಮುಚ್ಚಿತು, ಆಗಲೂ ಮ್ಯೂನಿಕ್‌ಗೇ ಹೋದೆ." ಅಮ್ಮನಿಗೆ ಹುಷಾರಿಲ್ಲ ಅಂತ ಎಷ್ಟೋ ವರ್ಷದ ಮೇಲೆ ವಾಪಸ್ ಬಂದವರು.

ಶೆಟ್ರು_ಸ್ಟುಟ್‌ಗಾರ್ಟ್

ನೋಡಿದಿರಾ, ನಾನು ಹೇಳಿದ್ದೂ ಇದನ್ನೇ. ಬೇರೆ ದಾರಿ ಇರಲಿಲ್ಲ.

ಹಳೇಮೇಷ್ಟ್ರು

ಅಲ್ಲ ಸ್ವಾಮಿ, ಅದು ನನ್ನ ವಾದ! ಮಾರ್ಕ್ ಕೊಟ್ಟಿರಿ ಸರಿ, ಅದರ ಹೊಡೆತ ತಿನ್ನುವ ಕಾರ್ಖಾನೆಗೆ ನಾಲ್ಕು ವರ್ಷವಾದರೂ ಉಸಿರಾಡಲು ಬಿಡಬೇಕಿತ್ತು. ಸಂಜೆ ಬಂದು ವಿವರವಾಗಿ ಬರೆಯುತ್ತೇನೆ, ಎಲ್ಲೂ ಹೋಗಬೇಡಿ.